ಪದಚರ್ಚೆ: ಚಕಮಕಿ ಪಿಸ್ತೂಲು, ಕೇಪಿನ ಪಿಸ್ತೂಲು, ಹೆಸರು ಸಿಗದ ಒಂದು ಉಕ್ಕಿನ ತುಂಡು

ಬಳಗದ ಎಲ್ಲರಿಗೂ ನಮಸ್ಕಾರ.

ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿರುವ ನಮ್ಮ ಭಾವನವರು ಹಳೆಯ ಬ್ರಿಟಿಷ್ ಪಿಸ್ತೂಲುಗಳನ್ನು ಸಂಗ್ರಹಿಸುತ್ತಾ ಬಂದಿದ್ದಾರೆ. ಕಲ್ಲು ಉಕ್ಕಿಗೆ ಬಡಿದು ಕಿಡಿ ಹುಟ್ಟಿಸುವ ಹದಿನೆಂಟನೆಯ ಶತಮಾನದ ಫ್ಲಿಂಟ್‌ಲಾಕ್‌ಗಳೂ ಇವೆ, ಸಿಡಿಮದ್ದಿಗೆ ಪೆಟ್ಟು ಕೊಟ್ಟು ಹೊತ್ತಿಸುವ ಹತ್ತೊಂಬತ್ತನೆಯ ಶತಮಾನದ ಪರ್ಕಷನ್ ಪಿಸ್ತೂಲುಗಳೂ ಇವೆ. ಒಂದೊಂದರ ವಿವರವನ್ನೂ ಊರಿನ ಮನೆಮಂದಿ ಓದುವ ಹಾಗೆ ಕನ್ನಡದಲ್ಲಿ ಬರೆದಿಡಬೇಕೆಂಬುದು ಅವರ ಆಸೆ. ಆ ಕೆಲಸವನ್ನು ನಾನು ಒಪ್ಪಿಕೊಂಡಿದ್ದೇನೆ. ಬಹುಪಾಲು ಪದಗಳು ನಮ್ಮಲ್ಲೇ ಸಿಕ್ಕಿವೆ. ಅವು ಸರಿಯೇ ಎಂದು ಕೇಳಬೇಕಾಗಿದೆ; ಸಿಗದೆ ಉಳಿದ ಒಂದು ಪದವನ್ನು ಬಲ್ಲವರಿಂದ ತಿಳಿಯಬೇಕಾಗಿದೆ.

ಮೊದಲು ‘ಲಾಕ್’. ಇದನ್ನು ‘ಬೀಗ’ ಎಂದು ಬರೆದದ್ದನ್ನು ಕಂಡಿದ್ದೇನೆ. ಅದು ಒಪ್ಪುವುದಿಲ್ಲ. ಇಲ್ಲಿ ಲಾಕ್ ಎಂದರೆ ಕಿಡಿ ಹುಟ್ಟಿಸಿ ಮದ್ದಿಗೆ ಬೆಂಕಿ ತಾಗಿಸುವ ಇಡೀ ಯಂತ್ರ: ಸ್ಪ್ರಿಂಗು, ಹಲ್ಲು, ಕೊಕ್ಕೆ ಎಲ್ಲ ಸೇರಿದ್ದು. ಕನ್ನಡದಲ್ಲಿ ಇಂಥದ್ದಕ್ಕೆ ‘ಕೀಲು’ ಇದ್ದೇ ಇದೆ. ಕೀಲುಕುದುರೆ, ಕೀಲುಗೊಂಬೆ ಎನ್ನುವವರಿಗೆ ‘ಚಕಮಕಿ ಕೀಲು’ ಅರ್ಥವಾಗದೆ ಹೋಗದು. ಬಡಗಣ ಕರ್ನಾಟಕದಲ್ಲಿ ಬೀಗಕ್ಕೇ ‘ಕೀಲಿ’ ಎನ್ನುವುದರಿಂದ ಮೂಲದ ಪದಕ್ಕೂ ಅದು ಹತ್ತಿರವಾಗಿಯೇ ನಿಲ್ಲುತ್ತದೆ.

‘ಫ್ಲಿಂಟ್’ಗೆ ಚಕಮಕಿ ಬಿಟ್ಟು ಬೇರೆ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಮೂಲ ತುರ್ಕಿ ಪದ. ಅಲ್ಲಿ ‘ಚಕ್ಮಕ್’ ಎಂದರೆ ಹೊಡೆದು ಕಿಡಿ ಎಬ್ಬಿಸುವುದು. ನಮ್ಮ ಪತ್ರಿಕೆಗಳು ಇಂದಿಗೂ ‘ಗುಂಡಿನ ಚಕಮಕಿ’ ಎಂದು ಬರೆಯುತ್ತವೆ. ಬಂದೂಕಿನಲ್ಲಿ ಕಲ್ಲು ಹೋಗಿ ಕಾಲವಾದರೂ ಮಾತಿನಲ್ಲಿ ಕಲ್ಲು ಉಳಿದಿದೆ. ಹಾಗಾಗಿ ‘ಚಕಮಕಿ ಪಿಸ್ತೂಲು’ ಎಂದೇ ಬರೆಯುತ್ತಿದ್ದೇನೆ. ‘ಅಗ್ನಿಶಿಲಾ ಪಿಸ್ತೂಲು’ ಎಂದು ಒಬ್ಬರು ಸೂಚಿಸಿದರು. ಜ್ವಾಲಾಮುಖಿಯಿಂದ ಬಂದ ಬಂಡೆಗೆ ನಾವು ಶಾಲೆಯಲ್ಲಿ ಅಗ್ನಿಶಿಲೆ ಎಂದು ಕಲಿತಿದ್ದೇವೆ. ಫ್ಲಿಂಟ್ ಹುಟ್ಟುವುದು ಸೀಮೆಸುಣ್ಣದ ಪದರಗಳ ನಡುವೆ. ಬ್ರಿಟಿಷ್ ಪಿಸ್ತೂಲುಗಳಿಗೆ ಹೆಸರಾದ ಕಪ್ಪು ಕಲ್ಲು ಸಫಕ್ ಪ್ರಾಂತದ ಬ್ರಾಂಡನ್ ಊರಿನದು. ಅಲ್ಲಿನ ಕೆಲಸಗಾರರು ಗಡ್ಡೆಗಳನ್ನು ಒಡೆದು, ಚಿಕ್ಕ ಚಿಕ್ಕ ಚಪ್ಪಟೆ ಬಿಲ್ಲೆಗಳಾಗಿ ಕಡಿದು ಸೇನೆಗೆ ಒದಗಿಸುತ್ತಿದ್ದರು. ಆದ್ದರಿಂದ ಅಗ್ನಿಶಿಲೆ ಇಲ್ಲಿ ತಪ್ಪು ಹೆಸರೇ.

ಈಗ ಕುದುರೆಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ.

ಚಕಮಕಿ ಕೀಲಿನಲ್ಲಿ ಕಲ್ಲನ್ನು ದವಡೆಯ ನಡುವೆ ಕಚ್ಚಿ ಹಿಡಿಯುವ ಬಾಗಿದ ಅಂಗವನ್ನು ಇಂಗ್ಲಿಷಿನವರು ಹುಂಜ ಎಂದು ಕರೆದರು. ನಮ್ಮಲ್ಲಿ ಅದು ‘ಕುದುರೆ’. ಹಿಂದಿ, ಮರಾಠಿಯಲ್ಲಿ ಘೋಡಾ, ತೆಲುಗಿನಲ್ಲಿ ಗುರ್ರಂ, ತಮಿಳಿನಲ್ಲಿ ಕುದಿರೈ. ದಕ್ಷಿಣೋತ್ತರ ಇಡೀ ದೇಶ ಕುದುರೆಯನ್ನೇ ಕಂಡಿತು. ಕೇಪಿನ (ಪೆಟ್ಟು ಬಿದ್ದರೆ ಸಿಡಿಯುವ ತಾಮ್ರದ ಟೋಪಿಯ) ಕಾಲ ಬಂದಾಗ ಕಲ್ಲು ಕಚ್ಚುವ ದವಡೆ ಹೋಗಿ ಬಡಿಯುವ ಮೊಂಡು ತಲೆ ಬಂತು. ಆಗ ಇಂಗ್ಲಿಷಿನಲ್ಲಿ ಹೆಸರು ಬದಲಾಯಿತು. ಅದು ‘ಹ್ಯಾಮರ್’ ಆಯಿತು. ಕನ್ನಡದಲ್ಲಿ ಕುದುರೆ ಕುದುರೆಯಾಗಿಯೇ ಉಳಿಯಿತು. ಸಂಗ್ರಹದ ಪಟ್ಟಿ ಬರೆಯುವವರಿಗೆ ಇದು ದೊಡ್ಡ ಅನುಕೂಲ.

ಯಾಕೆಂದರೆ ಇಂಗ್ಲಿಷಿನಲ್ಲಿ ಇಲ್ಲೊಂದು ಗೋಜಲಿದೆ. ಹದಿನೆಂಟನೆಯ ಶತಮಾನದ ಬ್ರಿಟಿಷ್ ಬಂದೂಕುಗಾರರು ‘ಹ್ಯಾಮರ್’ ಎನ್ನುತ್ತಿದ್ದುದು ಕುದುರೆಗಲ್ಲ, ಅದರ ಎದುರು ನಿಂತು ಕಲ್ಲಿನ ಪೆಟ್ಟು ತಿನ್ನುವ ಉಕ್ಕಿನ ಫಲಕಕ್ಕೆ! ಆ ಕಾಲದ ಬಿಲ್ಲಿನಲ್ಲಿ ‘ಹೊಸ ಹ್ಯಾಮರ್ ಹಾಕಿದ್ದಕ್ಕೆ ಇಷ್ಟು’ ಎಂದು ಬರೆದಿದ್ದರೆ ಬದಲಾದದ್ದು ಆ ಫಲಕ. ಇಂದಿನ ಓದುಗರು ಕುದುರೆಯೇ ಬದಲಾಯಿತೆಂದು ತಿಳಿದು, ಮೂಲದ ಕುದುರೆ ಇರುವ ಪಿಸ್ತೂಲನ್ನು ಅನುಮಾನಿಸುವ ಸಾಧ್ಯತೆ ಇದೆ. ಅನುವಾದಕರು ಕಣ್ಣು ಮುಚ್ಚಿ ‘ಸುತ್ತಿಗೆ’ ಎಂದು ಬರೆದರೆ ಗೋಜಲು ಕನ್ನಡಕ್ಕೂ ದಾಟುತ್ತದೆ. ದಯವಿಟ್ಟು ಬಳಗದಲ್ಲಿ ಯಾರೂ ಬಂದೂಕಿಗೆ ಸುತ್ತಿಗೆ ತರಬೇಡಿ ಎಂದು ವಿನಂತಿ.

ಕುದುರೆಯ ಬಗ್ಗೆ ಇನ್ನೊಂದು ಎಚ್ಚರಿಕೆ. ಹಿಂದಿಯ ಪ್ರಭಾವದಿಂದ ಕೆಲವರು ಬೆರಳಿನಿಂದ ಒತ್ತುವ ಟ್ರಿಗರ್‌ಗೂ ಕುದುರೆ ಎನ್ನುತ್ತಾರೆ. ಮಲೆನಾಡಿನಲ್ಲಿ ಕೋವಿ ಹಿಡಿದವರು ಅದಕ್ಕೆ ‘ಬಿಲ್ಲು’ ಎನ್ನುತ್ತಿದ್ದರು. ಬಿಲ್ಲೆಳೆದರೆ ಈಡು ಹಾರುತ್ತದೆ. ಮರಾಠಿಯಲ್ಲಿಯೂ ಟ್ರಿಗರ್‌ಗೆ ಚಾಪ, ಅಂದರೆ ಬಿಲ್ಲೇ. ಇವೆರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಲೇಬೇಕು ಎನ್ನುವುದಕ್ಕೆ ಭಾವನವರ ಸಂಗ್ರಹದ ಒಂದು ಜೇಬಿನ ಪಿಸ್ತೂಲೇ ಸಾಕ್ಷಿ.

ಅದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಕೀಲು ಪಕ್ಕದಲ್ಲಿಲ್ಲ, ನಡುವಿನ ಪೆಟ್ಟಿಗೆಯಂಥ ಲೋಹದ ಮೈಯೊಳಗೆ ಹುದುಗಿದೆ, ಕುದುರೆ ಮೇಲೆ ನಡುಮಧ್ಯದಲ್ಲಿ ಕೂತಿದೆ. ವಾಲ್‌ನಟ್ ಮರದ ಹಿಡಿಯಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಿಡಿಸಿದ ಬಳ್ಳಿ. ಕೆಳಗಿನಿಂದ ನೋಡಿದರೆ ಬಿಲ್ಲೇ ಇಲ್ಲ, ನುಣ್ಣಗಿದೆ. ಕುದುರೆಯನ್ನು ಹಿಂದಕ್ಕೆ ಎಳೆಯಿರಿ, ಮಡಿಚಿಕೊಂಡಿದ್ದ ಬಿಲ್ಲು ಟಕ್ಕೆಂದು ಕೆಳಗೆ ಇಳಿಯುತ್ತದೆ. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂದು ಮಾಡಿದ ಉಪಾಯ. ‘ಕುದುರೆ ಎಳೆದರೆ ಬಿಲ್ಲು ಹೊರಬರುತ್ತದೆ’ ಎಂದು ಒಂದು ಸಾಲಿನಲ್ಲಿ ಬರೆದೆ, ಮುಗಿಯಿತು. ಎರಡಕ್ಕೂ ಒಂದೇ ಪದವಿದ್ದರೆ ಈ ಸಾಲನ್ನು ಬರೆಯುವುದು ಹೇಗೆ?

ಅದೇ ಪಿಸ್ತೂಲಿನ ನಳಿಗೆಯನ್ನು ತಿರುಚಿ ಬಿಚ್ಚಬಹುದು. ನಳಿಗೆಯ ಬಾಯಿಂದ ಗಜ (ಮದ್ದು ಜಡಿಯುವ ಸಲಾಕೆ) ಹಾಕಿ ಜಡಿಯುವ ಬದಲು ನಳಿಗೆ ಬಿಚ್ಚಿ, ಬುಡದ ಗುಳಿಗೆ ಮದ್ದು ಸುರಿದು, ಮೇಲೆ ಗುಂಡಿಟ್ಟು, ಮತ್ತೆ ತಿರುಚಿ ಕೂರಿಸುವುದು. ಕ್ವೀನ್ ಆ್ಯನ್ ಪಿಸ್ತೂಲು ಎಂದು ಹೆಸರಾದ ಬಗೆಯ ಲಕ್ಷಣವೂ ಇದೇ. ರಾಣಿ ಆ್ಯನ್ ತೀರಿಕೊಂಡದ್ದು 1714ರಲ್ಲಿ. ಆ ಬಗೆಯ ಪಿಸ್ತೂಲುಗಳು ಆಮೇಲೂ ದಶಕಗಟ್ಟಲೆ ತಯಾರಾದವು. ಹಾಗಾಗಿ ಹೆಸರು ನೋಡಿ ಕಾಲ ಹೇಳಬಾರದು. ಇದಕ್ಕೆ ‘ತಿರುಪಿನ ನಳಿಗೆ’ ಎಂದು ಬರೆದಿದ್ದೇನೆ. ಓಲೆಯ ತಿರುಪು ಬಲ್ಲ ಅಕ್ಕತಂಗಿಯರಿಗೆ ಕೂಡಲೇ ಹೊಳೆಯುತ್ತದೆ. ಆಕ್ಷೇಪವಿದ್ದರೆ ತಿಳಿಸಿ.

‘ಪರ್ಕಷನ್’ ವಿಚಾರ. ಮಲೆನಾಡಿಗರು ಇದನ್ನು ನಮಗಾಗಿ ಎಂದೋ ಬಿಡಿಸಿಟ್ಟಿದ್ದಾರೆ: ‘ಕೇಪಿನ ಕೋವಿ’, ಆಮೇಲೆ ಬಂದದ್ದು ‘ತೋಟಾ ಕೋವಿ’. ಕೇಪು ಎಂದರೆ ತಾಮ್ರದ ಪುಟ್ಟ ಟೋಪಿ. ಒಳಗೆ ಪೆಟ್ಟು ಬಿದ್ದರೆ ಸಿಡಿಯುವ ಫಲ್ಮಿನೇಟ್. ನಳಿಗೆಯ ಬುಡದ ತೂತುಮೊನೆಯ ಮೇಲೆ ಅದನ್ನು ಕೂರಿಸಿದರೆ ಕುದುರೆ ಬಂದು ಬಡಿಯುತ್ತದೆ. ಮಳೆಗಾಲದ ಕಾಡಿನಲ್ಲಿ ತಿರುಗುವವರಿಗೆ ಕಲ್ಲಿಗಿಂತ ಕೇಪು ಎಷ್ಟು ದೊಡ್ಡ ವರವೆಂದು ವಿವರಿಸಬೇಕಿಲ್ಲ. ಆದ್ದರಿಂದ ‘ಕೇಪಿನ ಪಿಸ್ತೂಲು’.

ಒಂದೇ ತೊಡಕು, ಪರ್ಕಷನ್ ಎಲ್ಲವೂ ಕೇಪಲ್ಲ. ಈ ವಿದ್ಯೆಗೆ ಮೊದಲು ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ಬೆಲ್ಹೆಲ್ವಿಯ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್, 1807ರಲ್ಲಿ. ಅವರ ಕೀಲಿನಲ್ಲಿ ಕೇಪೇ ಇಲ್ಲ. ಅತ್ತರಿನ ಶೀಷೆಯಂಥ ಒಂದು ಚಿಕ್ಕ ಭರಣಿಯನ್ನು ತಿರುಗಿಸಿದರೆ ಚಿಟಿಕೆ ಸಿಡಿಮದ್ದು ಕೆಳಗೆ ಬೀಳುತ್ತಿತ್ತು. ಲಂಡನ್ನಿನ ಜೋಸೆಫ್ ಮ್ಯಾಂಟನ್ ಸಿಡಿಮದ್ದನ್ನು ತೆಳ್ಳನೆಯ ಕೊಳವೆಯಲ್ಲಿ ತುಂಬಿದರು. ತಾಮ್ರದ ಕೇಪು ಇವೆಲ್ಲವನ್ನೂ ಹಿಂದೆ ಹಾಕಿತು. ಹಾಗಾಗಿ ಇಡೀ ಬಗೆಗೆ ‘ಪರ್ಕಷನ್’ ಎಂದೇ ಇಟ್ಟು, ಕೇಪು ಇರುವುದಕ್ಕೆ ಮಾತ್ರ ‘ಕೇಪಿನ ಪಿಸ್ತೂಲು’ ಎನ್ನುವುದು ನನ್ನ ತೀರ್ಮಾನ. ‘ಆಘಾತ ಪಿಸ್ತೂಲು’ ಬೇಡ. ಆ ಪದವನ್ನು ವಿದ್ಯುತ್ತೂ ವೈದ್ಯರೂ ಆಗಲೇ ತೆಗೆದುಕೊಂಡಿದ್ದಾರೆ.

‘ರಂಜಕ’ದ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಕುದುರೆಯ ಮುಂದಿನ ಬಟ್ಟಲಿನಲ್ಲಿ ಹಾಕುವ ನುಣ್ಣನೆಯ ಮದ್ದಿಗೆ ಹಳೆಯ ಮಾತು ರಂಜಕ. ಆದರೆ ನಮ್ಮ ವಿಜ್ಞಾನದ ಪಠ್ಯಗಳಲ್ಲಿ ರಂಜಕ ಎಂದರೆ ಫಾಸ್ಫರಸ್. ಬಟ್ಟಲಿನಲ್ಲಿ ಫಾಸ್ಫರಸ್ ಇಲ್ಲ; ಅದೂ ಪೆಟ್ಲುಪ್ಪು, ಗಂಧಕ, ಇದ್ದಿಲಿನ ಕರಿಮದ್ದೇ. ‘ರಂಜಕದ ಮದ್ದು’, ‘ರಂಜಕದ ಬಟ್ಟಲು’ ಎಂದು ಜೋಡಿಸಿ ಬರೆದರೆ ಗೊಂದಲ ತಪ್ಪೀತೆಂದು ನಂಬಿದ್ದೇನೆ. ಬಟ್ಟಲಿನ ಮದ್ದು ಭಗ್ಗೆಂದು ಹೊತ್ತಿಯೂ ಕಿವಿಯ (ನಳಿಗೆಯ ಬುಡದ ಪಕ್ಕದ ತೂತಿನ) ಮೂಲಕ ಬೆಂಕಿ ಒಳಗೆ ಹೋಗದೆ ಈಡು ಹಾರದಿರುವುದಕ್ಕೆ ನಿಮ್ಮ ಕಡೆ ಒಂದೇ ಪದವಿದ್ದರೆ ಹೇಳಿ. ಈಗಂತೂ ‘ರಂಜಕ ಹತ್ತಿತು, ಈಡು ಹಾರಲಿಲ್ಲ’ ಎಂದು ಬಿಡಿಸಿ ಬರೆಯುತ್ತಿದ್ದೇನೆ.

‘ಪ್ರೂಫ್ ಮಾರ್ಕ್’ಗೆ ‘ಪರೀಕ್ಷೆಯ ಠಸ್ಸೆ’. ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹೊಡೆದು, ನಳಿಗೆ ಸಿಡಿಯದೆ ಉಳಿದರೆ ಒತ್ತುವ ಗುರುತು ಅದು. ಲಂಡನ್ ಬಂದೂಕುಗಾರರ ಸಂಘಕ್ಕೆ 1637ರಲ್ಲಿ ಸನದು ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆ 1813ರ ಶಾಸನದಿಂದ ಹುಟ್ಟಿತು. ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ ಪಿಸ್ತೂಲಿನ ಮೈಮೇಲೆ ಬೆಲೆ ಬರಲೆಂದು ‘ಲಂಡನ್’ ಎಂದು ಕೆತ್ತಿಸುವುದು ಆಗ ವಾಡಿಕೆ. ನಳಿಗೆಯ ಕೆಳಗಿನ ಠಸ್ಸೆ ಬಹಳ ಸಲ ಅದರ ಊರನ್ನು ಹೇಳಿಬಿಡುತ್ತದೆ. ನಮ್ಮ ದೇಶಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಪಿಸ್ತೂಲುಗಳ ಕೀಲುಪಟ್ಟಿಯ (ಕೀಲನ್ನು ಕೂರಿಸಿದ ಲೋಹದ ಪಟ್ಟಿಯ) ಮೇಲೆ ಮೊದಮೊದಲು ನಾಲ್ಕು ಭಾಗ ಮಾಡಿದ ಹೃದಯದ ಗುರುತು, ಹತ್ತೊಂಬತ್ತನೆಯ ಶತಮಾನ ಮೊದಲಾದ ಮೇಲೆ ಕಿರೀಟ ಹಿಡಿದ ಸಿಂಹ.

ಇನ್ನು ನನ್ನನ್ನು ಕಾಡುತ್ತಿರುವ ಪದ. ಮೇಲೆ ಹೇಳಿದ ಉಕ್ಕಿನ ಫಲಕ. ಬ್ರಿಟಿಷ್ ಸಂಗ್ರಾಹಕರು ಅದನ್ನು ಸುಮ್ಮನೆ ‘ಸ್ಟೀಲ್’ ಎನ್ನುತ್ತಾರೆ, ಅಮೆರಿಕದವರು ‘ಫ್ರಿಜನ್’. ಇದು ರಂಜಕದ ಬಟ್ಟಲಿಗೆ ಮುಚ್ಚಳವೂ ಹೌದು, ಕಿಡಿಯ ಮೂಲವೂ ಹೌದು. ಕಿಡಿ ಕಲ್ಲಿನದೆಂದು ಬಹಳ ಜನ ತಿಳಿದಿದ್ದಾರೆ. ಕಲ್ಲಿನ ಚೂಪು ಅಂಚು ಉಕ್ಕನ್ನು ಹೆರೆದಾಗ ಎದ್ದ ಉಕ್ಕಿನ ಪುಡಿಯೇ ಗಾಳಿಯಲ್ಲಿ ಕೆಂಪಗೆ ಉರಿಯುತ್ತಾ ಬಟ್ಟಲಿಗೆ ಬೀಳುವುದು. ಅದೇ ಪೆಟ್ಟಿನಿಂದ ಫಲಕ ಮುಂದಕ್ಕೆ ಮಗುಚಿ ಬಟ್ಟಲು ತೆರೆದುಕೊಳ್ಳುತ್ತದೆ. ಉಜ್ಜಿ ಉಜ್ಜಿ ಮುಖ ಸವೆದರೆ ಹೊಸ ಉಕ್ಕಿನ ತಗಡು ಕೂರಿಸುತ್ತಿದ್ದರು.

ಸಂಗ್ರಾಹಕರು ಪಿಸ್ತೂಲು ಕೊಳ್ಳುವಾಗ ಮೊದಲು ಪರೀಕ್ಷಿಸುವುದೂ ಇದನ್ನೇ. ಕೇಪು ಬಂದ ಮೇಲೆ ಎಷ್ಟೋ ಚಕಮಕಿ ಪಿಸ್ತೂಲುಗಳ ಫಲಕ, ಬಟ್ಟಲು ಕಿತ್ತು ಕೇಪಿಗೆ ಮಾರ್ಪಡಿಸಿದರು. ಈಗ ಚಕಮಕಿಗೆ ಬೆಲೆ ಹೆಚ್ಚು. ಹಾಗಾಗಿ ಮಾರುವವರಲ್ಲಿ ಕೆಲವರು ಹೊಸ ಫಲಕ ಹಾಕಿ ಮತ್ತೆ ಕಲ್ಲಿನದನ್ನಾಗಿ ಮಾಡುತ್ತಾರೆ. ಕೀಲುಪಟ್ಟಿಯಲ್ಲಿ ಮುಚ್ಚಿದ ಹಳೆಯ ಸ್ಕ್ರೂ ತೂತುಗಳು, ಫಲಕದ ಬಣ್ಣಕ್ಕೂ ಪಟ್ಟಿಯ ಬಣ್ಣಕ್ಕೂ ಹೊಂದಾಣಿಕೆ ಇಲ್ಲದಿರುವುದು, ಕಿವಿಯ ಸುತ್ತ ಕೇಪಿನ ಉಪ್ಪು ತಿಂದ ತುಕ್ಕಿನ ಗುಳಿಗಳು, ಇವು ನಿಜ ಹೇಳುತ್ತವೆ. ಪಟ್ಟಿಯ ಪ್ರತಿ ಪುಟದಲ್ಲೂ ಬರುವ ಈ ಅಂಗಕ್ಕೆ ‘ಉಕ್ಕಿನ ಫಲಕ’ ಎಂದು ಬರೆದು ಬರೆದು ಸಾಕಾಗಿದೆ. ಅದು ವಿವರಣೆ, ಹೆಸರಲ್ಲ.

ಪದ ಇದ್ದಿರಲೇಬೇಕು ಎಂದು ನನ್ನ ಗಟ್ಟಿ ನಂಬಿಕೆ. ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದಲ್ಲಿ ಹುಲಿಯ ತಲೆ, ಹುಲಿಯ ಪಟ್ಟೆ ಮೂಡಿಸಿದ ಚಕಮಕಿ ಪಿಸ್ತೂಲು, ಬಂದೂಕುಗಳನ್ನು ತಯಾರಿಸುತ್ತಿದ್ದರು. 1799ರ ನಂತರ ಅವುಗಳಲ್ಲಿ ಎಷ್ಟೋ ಬ್ರಿಟನ್ನಿನ ಸಂಗ್ರಹಗಳಿಗೆ ಸೇರಿದವು. ಆ ಕುಲುಮೆಯ ಕೆಲಸಗಾರರು ಇದನ್ನು ‘ಅದು, ಇದು’ ಎಂದು ಕರೆದಿರಲಾರರು. ಕೊಡಗಿನಲ್ಲಂತೂ ಕೋವಿ ಮನೆಯ ಪೂಜೆಯ ವಸ್ತು. ಕೈಲ್ ಮುಹೂರ್ತದ ದಿನ ಹೂ ಮುಡಿಸಿ ಇಡುವ ಹಳೆಯ ತೋಕುಗಳ (ಕೋವಿಗಳ) ಭಾಗಗಳಿಗೆ ಕೊಡವ ತಕ್ಕಿನಲ್ಲಿ ಹೆಸರುಗಳು ಉಳಿದಿರಬಹುದು.

ಇನ್ನೊಂದು ದಾರಿಯೂ ಇದೆ. ಬೆಂಕಿಪೊಟ್ಟಣ ಬರುವ ಮುಂಚೆ, ಬಂದ ಮೇಲೂ ಬಹಳ ಕಾಲ, ನಮ್ಮ ಹಳ್ಳಿಗಳ ಹಿರಿಯರು ಬೀಡಿ, ಚುಟ್ಟ ಹಚ್ಚಲು ಚಕಮಕಿ ಇಟ್ಟುಕೊಳ್ಳುತ್ತಿದ್ದರು: ಒಂದು ಬಿಳಿ ಕಲ್ಲು, ಚೂರು ಹತ್ತಿ, ಕಲ್ಲಿಗೆ ತೀಡುವ ಬಾಗಿದ ಒಂದು ಉಕ್ಕಿನ ತುಂಡು. ಕಲ್ಲಿನ ಹೆಸರು ಎಲ್ಲರಿಗೂ ಗೊತ್ತು. ಆ ಉಕ್ಕಿನ ತುಂಡಿಗೆ ಪ್ರತ್ಯೇಕ ಹೆಸರಿತ್ತೇ? ಇದ್ದರೆ ಪಿಸ್ತೂಲಿನ ಫಲಕಕ್ಕೆ ಅದನ್ನೇ ಇಡುತ್ತೇನೆ, ಏಕೆಂದರೆ ಎರಡೂ ಮಾಡುವ ಕೆಲಸ ಒಂದೇ. ಕುರಿ ಕಾಯುವವರು, ಕಮ್ಮಾರಿಕೆಯ ಮನೆತನದವರು, ಕೊಡಗು, ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆಯ ಕಡೆಯವರು ಯಾರಾದರೂ ಬಳಗದಲ್ಲಿದ್ದರೆ ಮನೆಯ ಹಿರಿಯರನ್ನು ಕೇಳಿ ತಿಳಿಸಬೇಕು. ಪದದ ಜೊತೆಗೆ ಅದು ಯಾವ ಊರಿನ ಮಾತು, ಯಾರ ಬಾಯಲ್ಲಿ ಕೇಳಿದ್ದು ಎಂಬುದನ್ನೂ ಬರೆದರೆ ಪಟ್ಟಿಯಲ್ಲಿ ಹಾಗೆಯೇ ದಾಖಲಿಸುತ್ತೇನೆ.