ಅಪ್‌ಡೇಟ್: ವಿದ್ಯಾರ್ಥಿಗಳಿಗೆ ಧರ್ಮಗ್ರಂಥ ಓದುವ ವಿಧಾನ ಆರಿಸಲು ನೆರವಾಗುವುದು

ಸ್ವಂತವಾಗಿ ಧರ್ಮಗ್ರಂಥ ಓದಲು ಹೊರಟ ವಿದ್ಯಾರ್ಥಿಗಳಿಗೆ ಯಾವ ವಿಧಾನ ಸೂಚಿಸಲಿ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಈಗ ಮೊದಲು ಕೇಳುವುದು ಉದ್ದೇಶವನ್ನು. ಇಡೀ ಗ್ರಂಥದ ಪರಿಚಯ ಬೇಕೆಂದವರಿಗೆ ಅನುಕ್ರಮ ಓದು. ಕ್ಷಮೆ, ದಾನದಂಥ ಪ್ರಶ್ನೆ ಹಿಡಿದು ಬಂದವರಿಗೆ ವಿಷಯವಾರು ಓದು. ಬಾಯಿಪಾಠವಾದರೆ ದಿನಕ್ಕೆ ಒಂದೆರಡೇ ಸಾಲು, ಹಳೆಯದನ್ನು ಒಪ್ಪಿಸಿದ ಮೇಲೆಯೇ ಹೊಸದು.

ಅನುಕ್ರಮ ಓದು ಕೈಕೊಡುವುದು ಹೆಚ್ಚಾಗಿ ಲೆಕ್ಕದಲ್ಲಿ. ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕೂ ಹೆಚ್ಚು ಬೇಕು. ವಾರ ತಪ್ಪಿದರೆ 20ಕ್ಕೂ ಮಿಕ್ಕಿ ಬಾಕಿ, ಅಲ್ಲಿಗೆ ಪುಸ್ತಕ ಮುಚ್ಚಿದಂತೆಯೇ. ಭಗವದ್ಗೀತೆಯ 700 ಶ್ಲೋಕಗಳಿಗೆ ದಿನಕ್ಕೆ ಎರಡು ಸಾಕು, 350 ದಿನಗಳಲ್ಲಿ ಮುಗಿಯುತ್ತದೆ. ಗ್ರಂಥ ಯಾವುದೇ ಇರಲಿ, ವಾರದಲ್ಲಿ ಐದು ದಿನಕ್ಕಷ್ಟೇ ಪಾಲು ಹಂಚಿ ಎರಡು ದಿನ ಬಾಕಿಗೆ ಬಿಡುವುದು ಒಳ್ಳೆಯದು. ಗಡುವು ಹಿಗ್ಗಿದರೆ ಹಿಗ್ಗಲಿ.

ವಿಷಯವಾರು ಓದಿನ ತೊಡಕೇ ಬೇರೆ. ಪದಸೂಚಿಯಿಂದ (ಯಾವ ಪದ ಗ್ರಂಥದಲ್ಲಿ ಎಲ್ಲೆಲ್ಲಿ ಬರುತ್ತದೆ ಎಂದು ತೋರಿಸುವ ಪಟ್ಟಿ) ಹೆಕ್ಕಿದ ಸಾಲಿಗೆ ಹಿಂದುಮುಂದು ಇರುವುದಿಲ್ಲ. ತನಗೆ ಬೇಕಾದ ಅರ್ಥ ಹಚ್ಚುವುದು ಸುಲಭ (ಕಲಿತವರೂ ಇದಕ್ಕೆ ಹೊರತಲ್ಲ). ಆದ್ದರಿಂದ ಹಿಂದಿನ ಐದು, ಮುಂದಿನ ಐದು ಸಾಲು ಓದಿ, ಯಾರು ಯಾರಿಗೆ ಹೇಳಿದ್ದು ಎಂದು ಬರೆದ ಮೇಲೆಯೇ ವ್ಯಾಖ್ಯಾನ ತೆರೆಯಬೇಕು.