ಸೋಮೇಶ್ವರ ದೇವಸ್ಥಾನದ ಹಿಂದಿನ ಹಳೇ ಮನೆ: ಕೆಡವೋದಾ, ಉಳಿಸೋದಾ?

ಪ್ರಶ್ನೆ (ಮನೆಯ ಹಿರೀ ಮಗ):

ಮೇಡಂ, ನಮಸ್ಕಾರ. ನಮ್ಮದು ಕೋಲಾರ. ಸೋಮೇಶ್ವರ ದೇವಸ್ಥಾನದ ಹಿಂಬದಿಯ ಬೀದಿಯಲ್ಲಿ ತಾತ ಕಟ್ಟಿಸಿದ ಮನೆ ಇದೆ. ಮುಂದೆ ಜಗುಲಿ, ನಡುವೆ ಸಣ್ಣ ತೊಟ್ಟಿ, ಹಿಂದೆ ಹಳೇ ಕೊಟ್ಟಿಗೆ. ಮುಂದಿನ ಅರ್ಧಕ್ಕೆ ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿ, ಹಿಂದಿನ ಅರ್ಧಕ್ಕೆ ಕಲ್ಲು ಚಪ್ಪಡಿ. ನಾವು ಮೂವರು ಅಣ್ಣತಮ್ಮಂದಿರು. ಇಬ್ಬರು ತಮ್ಮಂದಿರು ಬೆಂಗಳೂರಲ್ಲಿದ್ದಾರೆ. ಕೆಡವಿ ಕೆಳಗೆ ಅಂಗಡಿ, ಮೇಲೆ ಎರಡು ಮನೆ ಕಟ್ಟೋಣ ಅನ್ನುವುದು ಅವರ ಮಾತು. ಜೆಸಿಬಿಯವನಿಗೆ ಅಡ್ವಾನ್ಸ್ ಕೂಡ ಕೊಟ್ಟಾಗಿದೆ. ಅಮ್ಮ ಮಾತ್ರ ಬಿಲ್ಕುಲ್ ಒಪ್ಪುತ್ತಿಲ್ಲ.

ಮನೆ ಸ್ಥಿತಿ ಚೆನ್ನಾಗಿಲ್ಲ. ಐದು ವರ್ಷದ ಹಿಂದೆ ಒಳಗೋಡೆಗೆಲ್ಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಅಲ್ಲಿಂದ ಸೊಂಟದ ಎತ್ತರದವರೆಗೆ ಒದ್ದೆ, ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ತಾರಸಿ ಮೇಲೆ ಸಾವಿರ ಲೀಟರ್ ಟ್ಯಾಂಕ್ ಇದೆ. ಅದರ ಕೆಳಗಿನ ತೊಲೆ ಸ್ವಲ್ಪ ಬಗ್ಗಿದ ಹಾಗೆ ಕಾಣುತ್ತದೆ. ಇಂಥ ಮನೆ ಉಳಿಸಲು ಆಗುತ್ತಾ? ಅಥವಾ ಸುಮ್ನೆ ದುಡ್ಡು ದಂಡವಾ?

ಉತ್ತರ (ಹಳೇ ಕಟ್ಟಡಗಳ ಆರ್ಕಿಟೆಕ್ಟ್):

ನಮಸ್ಕಾರ ಸರ್. ನಾನೂ ಕೋಲಾರದವಳೇ. ಆ ಬೀದಿಯಲ್ಲಿ ಚಿಕ್ಕಂದಿನಲ್ಲಿ ಓಡಾಡಿದ್ದೇನೆ. ಮನೆ ಉಳಿಯುತ್ತಾ ಅನ್ನೋದು ಆಮೇಲೆ. ಮೊದಲು ಜೆಸಿಬಿಯವನಿಗೆ ಫೋನ್ ಮಾಡಿ ಬರಬೇಡ ಅನ್ನಿ.

ಯಾಕೆ ಅಂದ್ರೆ, ಸೋಮೇಶ್ವರ ದೇವಸ್ಥಾನ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಇಂಥ ಸ್ಮಾರಕಗಳನ್ನು ಕಾಯುವ 1958ರ ಕಾನೂನಿಗೆ 2010ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಗೋಪುರದಿಂದ ಅಲ್ಲ, ಗರ್ಭಗುಡಿಯಿಂದಲೂ ಅಲ್ಲ. ಸಂರಕ್ಷಿತ ಗಡಿಯಿಂದ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ.

ನಿಮ್ಮ ಮನೆ ಮೊದಲ 100 ಮೀಟರ್ ಒಳಗೆ ಬಂದರೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಹಳೇ ಮನೆ ಕೆಡವಿ ಅಷ್ಟೇ ಅಳತೆಯ ಮನೆ ಕಟ್ಟುತ್ತೇವೆ ಅಂದರೂ ಆಗುವುದಿಲ್ಲ. 1992ರ ಜೂನ್ 16ಕ್ಕಿಂತ ಮೊದಲಿನ ಕಟ್ಟಡವಾದರೆ ರಿಪೇರಿ, ನವೀಕರಣಕ್ಕೆ ಅನುಮತಿ ಕೇಳಬಹುದು, ಅಷ್ಟೆ. ಅರ್ಜಿ ಸಕ್ಷಮ ಪ್ರಾಧಿಕಾರದ (ಇಂಥ ಅರ್ಜಿ ತೆಗೆದುಕೊಳ್ಳಲು ನೇಮಿಸಿದ ಅಧಿಕಾರಿ) ಮೂಲಕ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗುತ್ತದೆ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಂದ್ರೆ ಇವತ್ತು ಕೆಡವಿದರೆ ನಾಳೆ ಮೂವರು ಅಣ್ಣತಮ್ಮಂದಿರಿಗೆ ಸಿಗುವುದು ಖಾಲಿ ಸೈಟು. ಅದರ ಮೇಲೆ ಅಂಗಡಿಯೂ ಇಲ್ಲ, ಮನೆಯೂ ಇಲ್ಲ. ಇದನ್ನು ತಮ್ಮಂದಿರಿಗೆ ನಿಧಾನವಾಗಿ ಓದಿ ಹೇಳಿ.

ನಿಯಂತ್ರಿತ ಪ್ರದೇಶದಲ್ಲಿದ್ದರೆ ಲೆಕ್ಕ ಬೇರೆ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಎತ್ತರದ ಮಿತಿಯನ್ನು ಅನುಮತಿ ಪತ್ರದಲ್ಲೇ ಹೇಳುತ್ತಾರೆ.

ಈಗ ಗೋಡೆ ವಿಷಯಕ್ಕೆ ಬರುತ್ತೇನೆ. ನೀವು ವಿವರಿಸಿದ ರೀತಿ ನೋಡಿದರೆ ಗೋಡೆಗೆ ಕಾಯಿಲೆ ತಂದದ್ದು ಆ ಸಿಮೆಂಟೇ. ತಾತನ ಕಾಲದ ಗೋಡೆ ಅಂದರೆ ಒಳಗೆ ಮಣ್ಣು, ಕಲ್ಲು ಅಥವಾ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ನೆಲದ ತೇವ ಗೋಡೆಗೆ ಹತ್ತುವುದು ಆಗಲೂ ಇತ್ತು. ಆದರೆ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರ ಜಾಸ್ತಿ, ತೇವ ಅದರಿಂದ ಹೊರಗೆ ಆರಿಹೋಗುತ್ತಿತ್ತು. ಸಿಮೆಂಟ್ ಗಟ್ಟಿ. ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಇನ್ನೂ ಮೇಲಕ್ಕೆ ಹತ್ತುತ್ತದೆ. ಜೊತೆಗೆ ಉಪ್ಪೂ ಬರುತ್ತದೆ. ಅದು ಹರಳುಗಟ್ಟುವಾಗ ಪ್ಲಾಸ್ಟರನ್ನು ತಳ್ಳುತ್ತದೆ. ಅದಕ್ಕೇ ಚಕ್ಕೆ ಏಳುವುದು. ಮತ್ತೆ ಸಿಮೆಂಟ್ ಹಚ್ಚಿ, ಅದರ ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಎರಡು ಮಳೆಗಾಲ ಚೆನ್ನಾಗಿ ಕಾಣುತ್ತದೆ. ಆಮೇಲೆ ಅಂಗೈಯಗಲ ಬೀಳುತ್ತದೆ.

ಆ ಸಿಮೆಂಟನ್ನು ನಿಧಾನವಾಗಿ ಉಳಿಯಲ್ಲಿ ಕೀಳಿಸಿ, ಡ್ರಿಲ್ ಬೇಡ. ಗೋಡೆ ಕೆಲವು ತಿಂಗಳು ಬರಿದಾಗಿಯೇ ಒಣಗಲಿ. ಆಮೇಲೆ ಗಾರೆ. ಸುಣ್ಣವನ್ನು ನೀರಲ್ಲಿ ಅರಳಿಸಿ ವಾರಗಟ್ಟಲೆ ನೆನೆಹಾಕಬೇಕು. ಅದಕ್ಕೆ ಮರಳು, ತೇವ ಜಾಸ್ತಿ ಇರುವ ಕಡೆ ಇಟ್ಟಿಗೆ ಪುಡಿ. ನಮ್ಮ ಹಳೇ ಮೇಸ್ತ್ರಿಗಳು ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಅದರ ಅಳತೆ ಗೊತ್ತಿಲ್ಲದವರು ಹಾಕುವುದು ಬೇಡ. ಸುಮ್ನೆ ಇರುವೆಗೆ ಹಬ್ಬ.

ಟ್ಯಾಂಕ್ ಇವತ್ತೇ ಖಾಲಿ ಮಾಡಿ. ಸಾವಿರ ಲೀಟರ್ ನೀರು ಅಂದರೆ ಒಂದು ಟನ್. ಮದ್ರಾಸ್ ತಾರಸಿ ಮರದ ತೊಲೆ, ಜಂತೆ, ಅದರ ಮೇಲೆ ಅಡ್ಡಲಾಗಿ ನಿಲ್ಲಿಸಿದ ಇಟ್ಟಿಗೆ, ಗಾರೆ ಇವುಗಳ ಮೇಲೆ ನಿಂತಿದೆ. ಜನ ಓಡಾಡಲು, ಹಪ್ಪಳ ಒಣಗಿಸಲು ಕಟ್ಟಿದ್ದು. ಒಂದೇ ಜಾಗದಲ್ಲಿ ಒಂದು ಟನ್ ಹೊರಲು ಅಲ್ಲ. ತೊಲೆಯ ನಡುಭಾಗಕ್ಕಿಂತ ತುದಿ ನೋಡಿ. ಗೋಡೆಯೊಳಗೆ ಹೋಗುವ ತುದಿಯಲ್ಲೇ ತೇವ, ಅಲ್ಲೇ ಗೆದ್ದಲು. ಸುತ್ತಿಗೆಯ ಹಿಡಿಯಿಂದ ತಟ್ಟಿ. ಟಣ್ ಅಂದರೆ ಪರವಾಗಿಲ್ಲ. ಡಬ್ ಅಂದರೆ ಆ ತೊಲೆಯ ಕೆಳಗೆ ಇವತ್ತು ರಾತ್ರಿ ಯಾರೂ ಮಲಗಬೇಡಿ, ಆಸರೆಗೆ ಜಾಕಿ ಕೊಡಿಸಿ.

ಹಿಂದಿನ ಕಲ್ಲು ಚಪ್ಪಡಿ ಭಾಗದ ಚಿಂತೆ ಕಡಿಮೆ. ಕೋಲಾರದ ಕಲ್ಲು, ಸುಲಭಕ್ಕೆ ಜಗ್ಗುವುದಿಲ್ಲ. ಯಾವುದಾದರೂ ಚಪ್ಪಡಿ ಬಿರುಕು ಬಿಟ್ಟಿದೆಯಾ ಅಂತ ನೋಡಿ, ಸಂದುಗಳನ್ನು ಗಾರೆಯಲ್ಲಿ ಮುಚ್ಚಿಸಿ.

ಪ್ರತಿಕ್ರಿಯೆ (ನಿವೃತ್ತ ಮೇಷ್ಟ್ರು, ಕೋಟೆ):

ಚೆನ್ನಾಗಿ ಹೇಳಿದಿರಮ್ಮ. ಸೋಮೇಶ್ವರ ದೇವಸ್ಥಾನ ವಿಜಯನಗರ ಕಾಲದ್ದು. ಆ ಕಲ್ಯಾಣ ಮಂಟಪದ ಕಂಬ ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಶಾಸನಗಳಿವೆ. ಇಂಥ ಊರಲ್ಲಿ ಗುಡಿಯ ಸುತ್ತ ಗಾಜಿನ ಮುಖದ ಕಾಂಪ್ಲೆಕ್ಸ್ ಎದ್ದರೆ ಹೇಗೆ? ಹಳೇ ಮನೆಗಳನ್ನೆಲ್ಲ ಸರ್ಕಾರ ಪಟ್ಟಿ ಮಾಡಿ, ಮುಟ್ಟಬಾರದು ಅಂತ ಆದೇಶ ಮಾಡಬೇಕು.

ಪ್ರತಿಕ್ರಿಯೆ (ಪ್ರಶ್ನೆ ಕೇಳಿದವರ ಮನೆಯ ಸೊಸೆ):

ಮೇಷ್ಟ್ರೇ, ಕ್ಷಮಿಸಿ, ನಾನು ಅದೇ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಕಕ್ಕಸು ಹಿತ್ತಿಲಲ್ಲಿ. ರಾತ್ರಿ ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ಕೊಡೆ ಹಿಡಿದು ಹೋಗಬೇಕು. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಇಳಿಯಲು ಆಗುವುದಿಲ್ಲ. ಅಡುಗೆ ಮನೆಯಲ್ಲಿ ಹಗಲಲ್ಲೂ ಲೈಟ್ ಹಾಕಬೇಕು. ತೊಟ್ಟಿ ಮನೆ ಚೆಂದ ಅಂತ ಫೋಟೋ ತೆಗೆದುಕೊಂಡು ಹೋಗುವವರು ಬಹಳ. ಒಬ್ಬರೂ ಕಕ್ಕಸು ಎಲ್ಲಿದೆ ಅಂತ ಕೇಳಿಲ್ಲ. ಕೆಡವಬೇಕು ಅನ್ನುವವರಲ್ಲಿ ನಾನೂ ಒಬ್ಬಳು. ನಮ್ಮ ಮನೆಯವರು ಅದನ್ನು ಬರೆದಿಲ್ಲ.

ಉತ್ತರ (ಆರ್ಕಿಟೆಕ್ಟ್):

ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು. ಈ ಥ್ರೆಡ್‌ನಲ್ಲಿ ಎಲ್ಲರಿಗಿಂತ ಮುಖ್ಯ ಮಾತು ನಿಮ್ಮದು.

ಮೇಷ್ಟ್ರೇ, ನಿಮ್ಮ ಕಾಳಜಿ ಗೊತ್ತು, ಆದರೆ ಇಲ್ಲಿ ನಾನು ಒಪ್ಪುವುದಿಲ್ಲ. 100 ಮೀಟರ್ ಕಾನೂನು ಇರುವುದು ದೇವಸ್ಥಾನಕ್ಕಾಗಿ. ಪಕ್ಕದ ಹಳೇ ಮನೆಗೆ ಅದು ರಕ್ಷಣೆ ಅಲ್ಲ. ಕಟ್ಟಬೇಡ ಅನ್ನುತ್ತದೆ. ಇರುವುದನ್ನು ರಿಪೇರಿ ಮಾಡು ಅಂತ ದುಡ್ಡು ಕೊಡುವುದಿಲ್ಲ. ಹಾಗಾಗಿ ಮನೆಯವರು ಏನು ಮಾಡುತ್ತಾರೆ? ಬೀಗ ಹಾಕಿ ಬೆಂಗಳೂರಿಗೆ ಹೋಗುತ್ತಾರೆ. ತಾನಾಗಿ ಬೀಳಲಿ ಅಂತ ಕಾಯುತ್ತಾರೆ. ಮುಟ್ಟಬಾರದು ಅಂತ ಇನ್ನೊಂದು ಆದೇಶ ಬಂದರೆ ಬೀಗಗಳ ಸಂಖ್ಯೆ ಜಾಸ್ತಿಯಾಗುತ್ತದೆ. ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಬಿತ್ತು, ಪ್ರಾಣ ಹೋಯಿತು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಎರಡೂ ಪಾರಂಪರಿಕ ಕಟ್ಟಡ ಅಂತ ಊರಿಗೇ ಗೊತ್ತಿದ್ದವು. ಪರಂಪರೆ ಅಂತ ಕರೆದ ಮಾತ್ರಕ್ಕೆ ಸೂರಿನ ನೀರು ನಿಲ್ಲಲಿಲ್ಲ.

ಅಕ್ಕ, ಬಚ್ಚಲು ಕಕ್ಕಸು ಒಳಗೆ ತರುವುದು ಸಾಧ್ಯ. ಒಂದು ತೊಡಕಿದೆ. ನಿಷೇಧಿತ ಪ್ರದೇಶವಾದರೆ ಹಿತ್ತಿಲಲ್ಲಿ ಹೊಸದಾಗಿ ನಾಲ್ಕು ಗೋಡೆ ಎಬ್ಬಿಸುವುದೂ ಹೊಸ ಕಟ್ಟಡವೇ. ಆದ್ದರಿಂದ ಈಗ ಇರುವ ಕೋಣೆಯನ್ನೇ ಬದಲಾಯಿಸಬೇಕು, ಅದನ್ನು ರಿಪೇರಿ ಅರ್ಜಿಯಲ್ಲೇ ನಕ್ಷೆ ಸಮೇತ ತೋರಿಸಬೇಕು. ಮಣ್ಣಿನ ಗೋಡೆಯೊಳಗೆ ಪೈಪ್ ಹುದುಗಿಸಬೇಡಿ, ಹೊರಗೇ ಓಡಲಿ. ಸೋರಿದರೆ ಕಣ್ಣಿಗೆ ಕಾಣಬೇಕು.

ಪ್ರತಿಕ್ರಿಯೆ (ದೊಡ್ಡಪೇಟೆ ಅಂಗಡಿಯವರು):

ನಮ್ಮದು ಬಾಡಿಗೆ ಅಂಗಡಿ, ಹಳೇ ಮನೆಯ ಮುಂಭಾಗ. ಹಿಂದೊಮ್ಮೆ ರಸ್ತೆ ಅಗಲ ಮಾಡುವಾಗ ಜಗುಲಿ, ಅರ್ಧ ಪಡಸಾಲೆ ಹೋಯಿತು. ಉಳಿದ ಅರ್ಧ ಆಮೇಲೆ ಸೋರಲು ಶುರುವಾಯಿತು. ಮಾಲೀಕರು ನನ್ನ ಕಡೆ, ನಾನು ಮಾಲೀಕರ ಕಡೆ ಕೈ ತೋರಿಸಿಕೊಂಡು ಇದ್ದೇವೆ. ಬಾಡಿಗೆದಾರರ ಅಭಿಪ್ರಾಯ ಇಂಥ ಚರ್ಚೆಯಲ್ಲಿ ಯಾರೂ ಕೇಳಲ್ಲ ಬಿಡಿ. ಬೀದಿ ಬದುಕಿರುವುದು ನಮ್ಮಿಂದ.

ಉತ್ತರ (ಆರ್ಕಿಟೆಕ್ಟ್):

ನಿಜ ಅಣ್ಣ. ತೊಲೆಗೆ ಎರಡು ಕಡೆ ಗೋಡೆ ಬೇಕು. ಮುಂದಿನ ಗೋಡೆ ಕಡಿದಾಗ ಒಂದು ತುದಿ ಗಾಳಿಯಲ್ಲಿ ನಿಲ್ಲುತ್ತದೆ. ಆಮೇಲೆ ಹೊಸ ಗೋಡೆ ಎಬ್ಬಿಸಿದರೂ ಹಳೇ ತಾರಸಿಗೂ ಅದಕ್ಕೂ ನಡುವೆ ಸಂದು ಉಳಿಯುತ್ತದೆ. ನಿಮ್ಮ ಸೋರಿಕೆ ಬಹುಶಃ ಅಲ್ಲೇ. ಮೇಲೆ ಹತ್ತಿ ಆ ಗೆರೆಯ ಉದ್ದಕ್ಕೂ ನೋಡಿ. ಖರ್ಚು ಯಾರದ್ದು ಅನ್ನೋದು ನಿಮ್ಮ ಕರಾರು ಪತ್ರ ನೋಡದೆ ಹೇಳಲಾರೆ.

ಪ್ರತಿಕ್ರಿಯೆ (ಕಂಟ್ರಾಕ್ಟರ್, ಬಂಗಾರಪೇಟೆ):

ಮೇಡಂ, ಗಾರೆ ಅಂತ ಸಲೀಸಾಗಿ ಹೇಳ್ತೀರಿ. ಮೇಸ್ತ್ರಿ ಎಲ್ಲಿದ್ದಾರೆ? ನನ್ನ ಹುಡುಗರಿಗೆ ಸಿಮೆಂಟ್ ಬಿಟ್ಟು ಬೇರೆ ಗೊತ್ತಿಲ್ಲ. ಸಿಮೆಂಟ್ ನಾಳೆಗೇ ಗಟ್ಟಿ. ಸುಣ್ಣಕ್ಕೆ ವಾರಗಟ್ಟಲೆ ಕಾಯಬೇಕು, ಕೂಲಿ ಮಾತ್ರ ದಿನದ ಲೆಕ್ಕ.

ಉತ್ತರ (ಆರ್ಕಿಟೆಕ್ಟ್):

ನೀವು ಹೇಳಿದ್ದು ಸರಿ, ಅದೇ ದೊಡ್ಡ ಕಷ್ಟ. ಸುಣ್ಣದ ಕೆಲಸ ಗೊತ್ತಿರುವವರು ಈಗ ಜಾಸ್ತಿ ಸಿಗುವುದು ದೇವಸ್ಥಾನದ ಜೀರ್ಣೋದ್ಧಾರದ ಕಡೆ. ನಾನು ಮಾಡುವುದು ಹೀಗೆ: ಅಂಥ ಒಬ್ಬರನ್ನು ಕರೆಸಿ, ಇಲ್ಲಿನ ಇಬ್ಬರು ಹುಡುಗರನ್ನು ಅವರ ಕೈ ಕೆಳಗೆ ಬಿಡುತ್ತೇನೆ. ಒಂದು ಕೋಣೆ ಮುಗಿಯುವಷ್ಟರಲ್ಲಿ ಕೈ ಕುದುರುತ್ತದೆ. ಸುಣ್ಣವನ್ನು ಮೊದಲೇ ಗುಂಡಿ ತೋಡಿ ನೆನೆಹಾಕಿಟ್ಟರೆ ಕೂಲಿ ದಂಡವಾಗುವುದಿಲ್ಲ. ಒಂದೊಂದೇ ಕೋಣೆ ಮಾಡಿದರೆ ಮನೆಯವರು ಮನೆ ಬಿಡಬೇಕಾಗಿಲ್ಲ. ದುಡ್ಡೂ ಒಟ್ಟಿಗೆ ಬೇಡ. ನಿಮ್ಮ ಇಬ್ಬರು ಹುಡುಗರನ್ನು ಕಳಿಸುತ್ತೀರಾ?

ಪ್ರತಿಕ್ರಿಯೆ (ಕಂಟ್ರಾಕ್ಟರ್):

ಯುಗಾದಿ ಆದಮೇಲೆ ನೋಡೋಣ ಮೇಡಂ. ಒಬ್ಬನನ್ನಂತೂ ಕಳಿಸ್ತೀನಿ.

ಪ್ರತಿಕ್ರಿಯೆ (ಪ್ರಶ್ನೆ ಕೇಳಿದವರು):

ಭಾನುವಾರ ತಮ್ಮಂದಿರು ಬಂದಿದ್ದರು. ದೇವಸ್ಥಾನದ ಕಾಂಪೌಂಡಿನಿಂದ ಟೇಪ್ ಹಿಡಿದೆವು. ನಮ್ಮ ಬಾಗಿಲಿಗೆ 64 ಮೀಟರ್. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಜೆಸಿಬಿಯವನು ಅಡ್ವಾನ್ಸಲ್ಲಿ ಅರ್ಧ ವಾಪಸ್ ಕೊಟ್ಟ. ಟ್ಯಾಂಕ್ ಇಳಿಸಿದ್ದೇವೆ. ತೊಲೆ ತಟ್ಟಿ ನೋಡಿದೆ. ಆರರಲ್ಲಿ ಒಂದು ಡಬ್ ಅಂತು, ಜಾಕಿ ಕೊಡಿಸಿದ್ದೇನೆ.

ಚಿಕ್ಕ ತಮ್ಮ ಒಂದು ಕೇಳುತ್ತಿದ್ದಾನೆ. ಅವನ ಪಾಲಿನ ದುಡ್ಡು ನಾವು ಕೊಡಬೇಕಾ? ಮನೆ ಉಳಿದರೆ ಅವನಿಗೆ ಏನು ಸಿಗುತ್ತದೆ?

ಉತ್ತರ (ಆರ್ಕಿಟೆಕ್ಟ್):

64 ಮೀಟರ್ ಅಂದರೆ ಬಹುಮಟ್ಟಿಗೆ ನಿಷೇಧಿತ ಪ್ರದೇಶವೇ. ಆದರೂ ಅಧಿಕೃತ ಗಡಿ ಎಲ್ಲಿಂದ ಶುರು ಅನ್ನುವುದನ್ನು ಅರ್ಜಿ ಹಾಕುವಾಗ ಇಲಾಖೆಯಿಂದಲೇ ಖಚಿತ ಮಾಡಿಕೊಳ್ಳಿ. ಪಾಲಿನ ವಿಷಯ ವಕೀಲರದ್ದು, ನನ್ನದಲ್ಲ. ಅನುಭವದಿಂದ ಇಷ್ಟು ಹೇಳುತ್ತೇನೆ. ಹಳೇ ಮನೆಗಳು ಮಳೆಗೆ ಬಿದ್ದದ್ದಕ್ಕಿಂತ ಪಾಲು ಬಗೆಹರಿಯದೆ ಬಿದ್ದದ್ದು ಜಾಸ್ತಿ ನೋಡಿದ್ದೇನೆ. ಖಾತೆ ಇನ್ನೂ ತಾತನ ಹೆಸರಲ್ಲಿದ್ದರೆ ರಿಪೇರಿ ಅರ್ಜಿಯೂ ಅಲ್ಲೇ ನಿಲ್ಲುತ್ತದೆ. ಗಾರೆಗಿಂತ ಮೊದಲು ಅದನ್ನು ಮುಗಿಸಿ. ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟು, ಅದನ್ನು ಚಿಕ್ಕವರ ಪಾಲಿಗೆ ಬಿಟ್ಟುಕೊಟ್ಟ ಮನೆಗಳೂ ಇವೆ. ಕೂತು ಮಾತಾಡಿ.

ಪ್ರತಿಕ್ರಿಯೆ (ಮನೆಯ ಸೊಸೆ):

ಮೇಡಂ, ಕೊಟ್ಟಿಗೆ ಅಡುಗೆ ಮನೆಗೆ ಅಂಟಿಕೊಂಡೇ ಇದೆ, ಅಗಲ ಎಂಟಡಿ. ನಡುವಿನ ಬಾಗಿಲು ಮುಚ್ಚಿ ಎಷ್ಟೋ ವರ್ಷ ಆಗಿದೆ. ಆ ಬಾಗಿಲು ತೆಗೆಸಿದರೆ ಅತ್ತೆ ಮೆಟ್ಟಿಲು ಇಳಿಯದೆ ಹೋಗಬಹುದು. ಬಚ್ಚಲಿಗೆ ಆಗುತ್ತಾ?

ಉತ್ತರ (ಆರ್ಕಿಟೆಕ್ಟ್):

ಎಂಟಡಿ ಧಾರಾಳ ಅಕ್ಕ. ಕೊಟ್ಟಿಗೆಯ ನೆಲ ಅಡುಗೆ ಮನೆಗಿಂತ ಎಷ್ಟು ತಗ್ಗಿದೆ, ಚರಂಡಿ ಯಾವ ಕಡೆ ಇದೆ, ಎರಡು ಫೋಟೋ ಹಾಕಿ.

ಪ್ರತಿಕ್ರಿಯೆ (ಮನೆಯ ಸೊಸೆ):

ಒಳಗೆ ಹಳೇ ಸೌದೆ ತುಂಬಿದೆ. ನಾಳೆ ಇವರ ಕೈಲಿ ಖಾಲಿ ಮಾಡಿಸಿ ಹಾಕುತ್ತೇನೆ.