ಪದಚರ್ಚೆ: ‘ಡಿಟ್ಯಾಚ್ಡ್’ ಮನೆಯನ್ನು ಏನೆಂದು ಕರೆಯೋಣ?

ಬಳಗದವರಿಗೆ ನಮಸ್ಕಾರ.

ನನ್ನ ಅಕ್ಕನ ಮಗಳು ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಒಂದು ಹಳ್ಳಿಯಲ್ಲಿ ಮನೆ ಕೊಳ್ಳಲು ಹೊರಟಿದ್ದಾಳೆ. ಆ ಮನೆ ಯಾವಾಗ ಎಷ್ಟಕ್ಕೆ ಕೈ ಬದಲಾಯಿಸಿತು, ಏನೇನು ಕಟ್ಟಲು ಅನುಮತಿ ಸಿಕ್ಕಿತು, ಬೆಚ್ಚಗಿಡಲು ಎಷ್ಟು ಇಂಧನ ಬೇಕು ಎಂಬ ಮೂರು ದಾಖಲೆಗಳನ್ನು ಕಳುಹಿಸಿ, ‘ಅಮ್ಮನಿಗೆ ಕನ್ನಡದಲ್ಲಿ ಬರೆದುಕೊಡಿ ಮಾಮ’ ಎಂದಳು.

ಮೊದಲ ಸಾಲಿನಲ್ಲೇ ಎಡವಿದೆ. ‘ಡಿಟ್ಯಾಚ್ಡ್ ಹೌಸ್’ ಎಂಬುದಕ್ಕೆ ‘ಒಂಟಿ ಮನೆ’ ಎಂದು ಬರೆದಿದ್ದೆ. ಅಕ್ಕ ಓದಿದವಳೇ ಫೋನು ಮಾಡಿ, ‘ಕೈಗೂಸು ಕಟ್ಟಿಕೊಂಡು ಒಂಟಿ ಮನೆಯಲ್ಲಿ ಹೇಗಿರುತ್ತಾಳೋ? ಕೂಗಿದರೆ ಓಗೊಡುವವರು ಬೇಡವೇ?’ ಎಂದು ಕೇಳಿದಳು. ಅವಳ ತಪ್ಪಿಲ್ಲ. ನಮ್ಮ ಮಲೆನಾಡಿನಲ್ಲಿ ಒಂಟಿ ಮನೆ ಎಂದರೆ ಕೂಗಳತೆಯಲ್ಲಿ ಯಾರೂ ಇಲ್ಲದ, ತೋಟದ ನಡುವಿನ ಮನೆ. ಇದಾದರೋ ಊರ ನಡುವೆಯೇ ಇದೆ. ಪಕ್ಕದ ಮನೆಗೆ ನಾಲ್ಕು ಹೆಜ್ಜೆ. ಪಕ್ಕದವರೊಂದಿಗೆ ಜಂಟಿ ಗೋಡೆ ಇಲ್ಲ ಎಂಬುದಷ್ಟೇ ಆ ಪದದ ಅರ್ಥ.

‘ಪ್ರತ್ಯೇಕ ಮನೆ’ ಎನ್ನೋಣವೆಂದರೆ ಅಣ್ಣತಮ್ಮಂದಿರು ಪಾಲಾಗಿ ಬೇರೆ ಮನೆ ಮಾಡಿದ ನೆನಪು ತರುತ್ತದೆ. ‘ಸ್ವತಂತ್ರ ಮನೆ’ ಬೆಂಗಳೂರಿನ ಬಾಡಿಗೆ ಜಾಹೀರಾತಿನ ಪದ. ಅಲ್ಲಿ ಅದು ಅಪಾರ್ಟ್‌ಮೆಂಟ್ ಅಲ್ಲದ್ದನ್ನು ಹೇಳುತ್ತದೆ, ಗೋಡೆಯ ವಿಚಾರ ಹೇಳುವುದಿಲ್ಲ. ಮಲೆನಾಡು, ಕರಾವಳಿಗಳಲ್ಲಿ ಪ್ರತಿ ಮನೆಗೂ ಅದರದೇ ಅಂಗಳ ಇರುವುದರಿಂದ ಇಂಥದಕ್ಕೆ ಬೇರೆ ಹೆಸರೇ ಬೇಕಾಗಿಲ್ಲ, ಬರಿಯ ‘ಮನೆ’ ಸಾಕು. ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟುವ ಬಯಲುಸೀಮೆಯ ಊರುಗಳಲ್ಲಿ ಪದ ಇದ್ದೀತು ಎಂಬುದು ನನ್ನ ಆಸೆ.

ಇಷ್ಟು ಹಟ ಏಕೆಂದರೆ, ಈ ಒಂದು ಪದ ಮೂರೂ ದಾಖಲೆಗಳಲ್ಲಿ ಕೆಲಸ ಮಾಡುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಭೂ ನೋಂದಣಿ ಸಂಸ್ಥೆ 1995ರಿಂದೀಚೆಗಿನ ಮಾರಾಟದ ಬೆಲೆಗಳನ್ನು ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತದೆ. ಅದರಲ್ಲಿ ಇಂಥ ಮನೆಗೆ ‘ಡಿ’, ಒಂದು ಗೋಡೆ ಹಂಚಿಕೊಂಡದ್ದಕ್ಕೆ ‘ಎಸ್’, ಸಾಲಿನಲ್ಲಿರುವುದಕ್ಕೆ ‘ಟಿ’ ಎಂಬ ಗುರುತು. ಇನ್ನು ಅನುಮತಿಯ ವಿಚಾರ: ಹಿಂಬದಿಗೆ ಒಂದಂತಸ್ತಿನ ಕೋಣೆ ಸೇರಿಸುವುದಾದರೆ, ಇಂಥ ಮನೆಯವರು ಸಾಮಾನ್ಯವಾಗಿ ಅರ್ಜಿ ಹಾಕದೆಯೇ ಹಿಂಗೋಡೆಯಿಂದ ಆಚೆಗೆ 4 ಮೀಟರ್‌ವರೆಗೆ ಕಟ್ಟಬಹುದು, ಉಳಿದವರಿಗೆ 3 ಮೀಟರ್. ಮೂರನೆಯದು ಚಳಿ. ಸಾಲಿನ ನಡುವಿನ ಮನೆ ಎರಡೂ ಪಕ್ಕದವರ ಕಾವು ಪಡೆಯುತ್ತದೆ, ಇದು ನಾಲ್ಕೂ ಕಡೆ ಗಾಳಿಗೆ ಮೈಯೊಡ್ಡಿ ನಿಂತಿರುತ್ತದೆ. ಅನಿಲದ ಕೊಳವೆ ಬಾರದ ಹಳ್ಳಿಗಳಲ್ಲಿ ಮನೆ ಬೆಚ್ಚಗಿಡಲು ಎಣ್ಣೆಯ ಬಾಯ್ಲರ್ ಇಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ.

ಇಂಧನದ ಲೆಕ್ಕ ಹೇಳುವ ಆ ಮೂರನೆಯ ಪತ್ರವೇ ನನ್ನನ್ನು ಹೆಚ್ಚು ಕಾಡಿಸಿತು. 2007ರಲ್ಲಿ ಜಾರಿಗೆ ಬಂದ ಅದು ಮನೆಗೆ ‘ಎ’ಯಿಂದ ‘ಜಿ’ವರೆಗೆ ದರ್ಜೆ ಕೊಡುತ್ತದೆ, ಹತ್ತು ವರ್ಷ ಚಾಲ್ತಿಯಲ್ಲಿರುತ್ತದೆ. ‘ಇಂಧನ ಕಾರ್ಯಕ್ಷಮತೆ ಪ್ರಮಾಣಪತ್ರ’ ಎಂದರೆ ಅಕ್ಕನಿಗೆ ಏನೂ ತಿಳಿಯದು. ‘ಫ್ರಿಜ್ಜಿನ ಮೇಲೆ ನಕ್ಷತ್ರ ಇರುತ್ತದಲ್ಲ, ಹಾಗೆ ಮನೆಗೆ’ ಎಂದಾಗ ತಿಳಿಯಿತು. ಈ ಮನೆ ಮೊದಲು ‘ಎಫ್’ ಇತ್ತು; ಅಟ್ಟದ ಮೇಲೆ ಉಣ್ಣೆಯಂಥ ದಪ್ಪ ಹೊದಿಕೆ ಹಾಸಿ, ಬಾಯ್ಲರ್ ಬದಲಿಸಿದ ಮೇಲೆ ‘ಡಿ’ಗೆ ಏರಿತು. ಮಾರಾಟದ ಪಟ್ಟಿಯ ‘ಡಿ’ ಬೇರೆ, ಈ ‘ಡಿ’ ಬೇರೆ ಎಂದು ಬಿಡಿಸಿ ಹೇಳಬೇಕಾಯಿತು. ಈ ದರ್ಜೆ ಅಲ್ಲಿ ಇದ್ದವರ ಬಿಲ್ಲು ನೋಡಿ ಕೊಟ್ಟದ್ದಲ್ಲ, ಗೋಡೆ, ಕಿಟಕಿ, ಬಾಯ್ಲರ್ ನೋಡಿ ಲೆಕ್ಕ ಹಾಕಿದ್ದು. ಅದಕ್ಕೇ ನಾನು ‘ಕಾವಿನ ದರ್ಜೆ’ ಎಂದು ಬರೆದೆ. ಕೋಳಿ ಮೊಟ್ಟೆಗೆ ಕೊಡುವ ಕಾವು, ಒಲೆಯ ಮುಂದೆ ಕೂತಾಗ ಸಿಗುವ ಕಾವು ಎರಡೂ ಗೊತ್ತಿರುವ ಕನ್ನಡಕ್ಕೆ ಈ ಪದ ಹೊರಗಿನದಲ್ಲ.

ಎರಡನೆಯ ದಾಖಲೆಯ ‘ಪ್ಲಾನಿಂಗ್’ ಎಂಬುದಕ್ಕೆ ‘ಯೋಜನೆ’ ಎಂದರೆ ಸರ್ಕಾರದ ಪಂಚವಾರ್ಷಿಕ ಯೋಜನೆಯ ಕಡೆಗೆ ಮನಸ್ಸು ಹೋಗುತ್ತದೆ. ‘ಕಟ್ಟೋಣದ ಅನುಮತಿ’ ಎಂದು ಬಿಟ್ಟಿದ್ದೇನೆ, ಪೂರ್ತಿ ಒಪ್ಪಿಗೆಯಾಗಿಲ್ಲ. ಅಲ್ಲಿ ಜಾಗವನ್ನು ಹಾಗೆ ಬಳಸಬಹುದೇ ಎಂಬ ಅನುಮತಿ ಬೇರೆ, ಕಟ್ಟಡ ಗಟ್ಟಿಯಾಗಿ, ಸುರಕ್ಷಿತವಾಗಿ ಕಟ್ಟಲಾಗಿದೆಯೇ ಎಂಬ ತಪಾಸಣೆ ಬೇರೆ. ಮೂರೂ ದಾಖಲೆಗಳನ್ನು ಒಟ್ಟಿಗೆ ಹೇಳುವ ‘ಹಿಸ್ಟರಿ’ಗೆ ಮಾತ್ರ ಸೊಗಸಾದ ಪದ ಕೈಲೇ ಇತ್ತು: ಪೂರ್ವಾಪರ. ಸಂಬಂಧ ಬೆಳೆಸುವಾಗ, ಜಮೀನು ಕೊಳ್ಳುವಾಗ ನಾವು ವಿಚಾರಿಸುವುದು ಪೂರ್ವಾಪರವನ್ನೇ, ಇತಿಹಾಸವನ್ನಲ್ಲ. ಋಣಭಾರ ಪತ್ರ ತೆಗೆಸಿ ಅಭ್ಯಾಸವಿರುವ ಅಕ್ಕ ‘ಮನೆಯ ಪೂರ್ವಾಪರ’ ಎಂದ ಕೂಡಲೇ ತಲೆದೂಗಿದಳು.

ಸದ್ಯಕ್ಕೆ ‘ಬಿಡಿಮನೆ, ಜೋಡಿಮನೆ, ಸಾಲುಮನೆ’ ಎಂದು ಬರೆದುಕೊಂಡಿದ್ದೇನೆ. ಬಿಡಿ ಹೂವಿನ ಹಾಗೆ ದಾರಕ್ಕೆ ಸೇರದ್ದು, ಆದರೆ ಬುಟ್ಟಿಯೊಳಗೇ ಇರುವುದು ಎಂಬ ಅರ್ಥ ನನಗೆ ಹಿಡಿಸಿದೆ. ಗದಗ, ಬಾಗಲಕೋಟೆ, ಚಿತ್ರದುರ್ಗ, ಮಂಡ್ಯದ ಕಡೆಯವರು ದಯವಿಟ್ಟು ತಿಳಿಸಿ: ನಾಲ್ಕೂ ಗೋಡೆ ಸ್ವಂತದ್ದಾಗಿರುವ ಮನೆಗೆ ನಿಮ್ಮ ಹಿರಿಯರು ಏನೆನ್ನುತ್ತಿದ್ದರು? ಹಳೆಯ ಕ್ರಯಪತ್ರಗಳ ಚಕ್ಕುಬಂದಿಯಲ್ಲಿ ಇಂಥ ಮನೆಗೆ ಬಳಸಿದ ಮಾತು ಸಿಕ್ಕರೆ ಅದನ್ನು ಇದ್ದ ಹಾಗೇ ಬರೆದು ಕಳುಹಿಸಿ.